ಬೇರೆ ಕಂಪನಿಯ ಮಾತ್ರೆ

ಕುಂದಾಪುರ
7 ಜೂನ್ 2004

ಸೋದರಸೊಸೆ ನವ್ಯಶ್ರೀಗೆ ರತ್ನಾಕರ ಮಾವನ ಆಶೀರ್ವಾದ.

ಕ್ಷೇಮಸಮಾಚಾರದ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಕ್ಷೇಮವಾಗಿರುವ ಮನೆಯಿಂದ ಇಷ್ಟು ದಪ್ಪ ಲಕೋಟೆ ಹೊರಡುವುದಿಲ್ಲ.

ನಿನ್ನ ಅಪ್ಪಯ್ಯನ ಬೆನ್ನುನೋವು ಬರೀ ಬೆನ್ನುನೋವಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಶ್ವಾಸಕೋಶದಲ್ಲಿ ಹುಟ್ಟಿದ್ದು ಬೆನ್ನುಮೂಳೆಗೆ ಇಳಿದಿದೆ. ಕೊಯ್ದು ತೆಗೆಯುವ ಹಂತ ದಾಟಿದೆ. ಹೊರಗೆ ಬಂದು ಭಾವನಿಗೆ, 'ವಾಯು ಅಂಬ್ರ್. ಮಳೆಗಾಲ ಕಳದ್ರೆ ಸಮ ಆತ್ತಂಬ್ರ್' ಎಂದೆ. ನಿನ್ನ ಅಮ್ಮನಿಗೆ ಬಸ್ಸಿನಲ್ಲಿ, ಭಾವನಿಗೆ ಕೇಳದಂತೆ, ನಿಜ ಹೇಳಿದೆ. ಬ್ರಹ್ಮಾವರ ಬರುವವರೆಗೂ ಜಲಜ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಭಾವನಿಗೆ ತಿಳಿಸುವುದು ಬೇಡ ಎಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ಅದಕ್ಕೇ ಈ ಕಾಗದ. ಹಂಗಾರಕಟ್ಟೆಯ ನಿಮ್ಮ ಮನೆಯ ಫೋನು ಇರುವುದು ಭಾವನ ಮಂಚದ ತಲೆದೆಸೆಯಲ್ಲಿ. ನನ್ನ ಅಂಗಡಿಯ ಫೋನಿನಲ್ಲಿ ಮಾತಾಡಿದರೆ ಕೆಮ್ಮಿನ ಮದ್ದಿಗೆ ಬಂದವರು ಕೆಮ್ಮು ನಿಲ್ಲಿಸಿ ಕೇಳಿಸಿಕೊಳ್ಳುತ್ತಾರೆ.

ಈಗ ನಿನ್ನ ವಿಷಯ. ಎಂ.ಫಾರ್ಮಾ ಮುಗಿಸಿ ಬಂದು ಅಂಗಡಿಯ ಕುರ್ಚಿಯಲ್ಲಿ ಕೂರುತ್ತೀಯ ಎಂದುಕೊಂಡಿದ್ದೆ. ನಾನು ಮುಂಬಯಿಯ ಮೆಡಿಕಲ್ ಶಾಪಿನಲ್ಲಿ ಕಸ ಗುಡಿಸುತ್ತ ಮದ್ದಿನ ಹೆಸರು ಕಲಿತವನು. ನನ್ನ ಹೆಸರಿನಲ್ಲಿ ಸರ್ಟಿಫಿಕೇಟಿಲ್ಲ. ಗೋಡೆಯಲ್ಲಿ ತೂಗುತ್ತಿರುವುದು ಹಿಂದೆ ಅಂಗಡಿಯಲ್ಲಿದ್ದ ಫಾರ್ಮಸಿಸ್ಟ್ ಪದ್ದುವಿನದು. ಆಕೆ ಮದುವೆಯಾಗಿ ಬೈಂದೂರಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಡ್ರಗ್ ಇನ್‌ಸ್ಪೆಕ್ಟರು ಬಂದಾಗಲೆಲ್ಲ 'ಈಗಷ್ಟೇ ಊಟಕ್ಕೆ ಹೋದಳು' ಎನ್ನುತ್ತೇನೆ. ಇಷ್ಟು ಕಾಲ ಊಟ ಮಾಡುವ ಹೆಂಗಸನ್ನು ಅವರೂ ಬೇರೆಲ್ಲೂ ಕಂಡಿರಲಿಕ್ಕಿಲ್ಲ.

ನೀನೋ, ಕೋಳಿಕ್ಕೋಡಿಗೆ ಹೋಗಿ ಮತ್ತೊಂದು ತರಬೇತಿ ಸೇರಿದ್ದೀ. ಗುಣವಾಗದವರ ಆಸ್ಪತ್ರೆಯಂತೆ. ಗುಣವಾಗದವರಿಗೆ ಮದ್ದು ಯಾತಕ್ಕೆ? ಅದನ್ನು ಕೊಡುವುದನ್ನು ಕಲಿಯಲು ಒಂದು ವರ್ಷ ಯಾತಕ್ಕೆ? ಮದ್ದು ಬಿಟ್ಟಿ ಎಂದೂ ನೀನು ಹೇಳಿದ್ದೆ. ಬಿಟ್ಟಿ ಕೊಡುವವರು ಬೇರೆಲ್ಲೋ ವಸೂಲು ಮಾಡುತ್ತಾರೆ. ಎಲ್ಲಿ ಎಂಬುದು ಇನ್ನೂ ನನಗೆ ತಿಳಿದಿಲ್ಲ, ಅಷ್ಟೇ. ಭಾವನಿಗೆ ಏನು ಮಾಡಬಹುದು, ಬರೆ.

ನಿನ್ನ ಮಾವ
ರತ್ನಾಕರ

*

ಕೋಳಿಕ್ಕೋಡು
14 ಜೂನ್ 2004

ಮಾವನಿಗೆ ನಮಸ್ಕಾರ.

ಕಾಗದವನ್ನು ವಾರ್ಡಿನ ಮೆಟ್ಟಿಲ ಮೇಲೆ ಕೂತು ಓದಿದೆ. ನಮ್ಮ ಗಿರಿಜಾ ಮೇಡಂ ದೂರದಿಂದ ನೋಡಿ, ಹತ್ತಿರ ಬಾರದೆ ಟೀ ಕಳಿಸಿದರು.

ಅಪ್ಪಯ್ಯನ ರೋಗಕ್ಕೆ ಮದ್ದಿಲ್ಲ, ನೋವಿಗೆ ಇದೆ. ನಾನು ಕಲಿಯುತ್ತಿರುವುದು ಇಷ್ಟನ್ನೇ. ಮಂಗಳೂರಿನ ಡಾಕ್ಟರೊಂದಿಗೆ ಮೇಡಂ ಮಾತಾಡಿದ್ದಾರೆ. ಅವರು ಮಾರ್ಫಿನ್ ಮಾತ್ರೆ ಬರೆದುಕೊಡುತ್ತಾರೆ. ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ, ಆಸ್ಪತ್ರೆಯಲ್ಲೇ ಕೊಡುತ್ತಾರೆ. ದಯವಿಟ್ಟು ನೀವೇ ಹೋಗಿ ತನ್ನಿ. ಅಮ್ಮನಿಗೆ ಓದಲು ಬಾರದು, ನಿಮ್ಮ ಚಿತ್ರದ ಪೊಟ್ಟಣ ಮಾತ್ರ ಅರ್ಥವಾಗುತ್ತದೆ.

ನಾಲ್ಕು ಗಂಟೆಗೊಮ್ಮೆ ಒಂದು ಮಾತ್ರೆ. ನೋವು ಬಂದ ಮೇಲೆ ಅಲ್ಲ, ಬರುವ ಮೊದಲು. ಗಂಗೊಳ್ಳಿಯ ಬೋಟಿನವರು ಮೀನು ಕೆಟ್ಟ ಮೇಲೆ ಐಸ್ ಹಾಕುತ್ತಾರಾ? ಹಾಗೆಯೇ ಇದು. ಜೊತೆಗೆ ಎರಡನೆಯ ಮಾತ್ರೆಯೊಂದನ್ನು ಬರೆಯುತ್ತಾರೆ, ಹೊಟ್ಟೆ ಸಡಿಲವಾಗಲು. ಅದನ್ನು ಬಿಡಬೇಡಿ.

ಇಲ್ಲಿ ನಾವು ನರ್ಸಿನೊಂದಿಗೆ ಮನೆಮನೆಗೆ ಹೋಗುತ್ತೇವೆ. ಫಾರ್ಮಸಿಸ್ಟಿಗೆ ಕಲಿಸುವ ಮೊದಲ ಪಾಠ ಮದ್ದಿನದ್ದಲ್ಲ, ದಿಂಬು ಎತ್ತಿ ನೋಡುವುದು. 'ಇನ್ನೂ ಹೆಚ್ಚು ನೋವು ಬಂದಾಗ ಇರಲಿ' ಎಂದು ಜನ ಮಾತ್ರೆಗಳನ್ನು ಕೂಡಿಡುತ್ತಾರೆ. ಅಪ್ಪಯ್ಯನ ದಿಂಬಿನ ಕೆಳಗೂ ನೋಡಿ.

ಅವರಿಗೆ ಹೇಳದಿರುವುದು ಸರಿಯೇ, ಯೋಚಿಸಿ.

ನಿಮ್ಮ ಸೊಸೆ
ನವ್ಯಶ್ರೀ

*

ಕುಂದಾಪುರ
28 ಜೂನ್ 2004

ನವ್ಯಶ್ರೀಗೆ ಆಶೀರ್ವಾದ.

ಮಂಗಳೂರಿಗೆ ಹೋಗಿಬಂದೆ. ನನ್ನಿಂದ ಸಹಿ ಹಾಕಿಸಿಕೊಂಡ ಪರಿ ನೋಡಿದರೆ, ನಾನು ಮಾತ್ರೆ ತರಲು ಹೋದೆನೋ ಜಾಗ ಮಾರಲು ಹೋದೆನೋ ತಿಳಿಯದಾಯಿತು. ಅಷ್ಟು ಕಾವಲು ಇಡುವ ವಸ್ತು ಸಾಧುವಾಗಿರಲು ಸಾಧ್ಯವೇ? ಮಾರ್ಫಿನ್ ಎಂಬ ಹೆಸರನ್ನು ನೀನು ಉಪ್ಪು, ಮೆಣಸು ಎಂದ ಹಾಗೆ ಬರೆದಿದ್ದೀ. ಮುಂಬಯಿಯಲ್ಲಿ ನಮ್ಮ ಅಂಗಡಿಯೆದುರಿನ ಫುಟ್‌ಪಾತಿನಲ್ಲಿ ಅಂಥ ಮದ್ದಿಗೆ ಬಿದ್ದವರನ್ನು ದಿನವೂ ನೋಡಿದವನು ನಾನು. ಬೆಳಿಗ್ಗೆ ಬಾಗಿಲು ತೆಗೆಯುವಾಗ ಅವರಲ್ಲಿ ಯಾರು ಎದ್ದಾರು, ಯಾರು ಏಳಲಿಕ್ಕಿಲ್ಲ ಎಂದು ನೋಡಿಯೇ ಒಳಗೆ ಹೋಗುತ್ತಿದ್ದೆವು.

ಒಂದು ಪ್ರಶ್ನೆ, ಕೋಪಿಸಿಕೊಳ್ಳಬೇಡ. ನೀನು ಹೋದ ಸಲ ಬಂದಾಗ, ತರಬೇತಿ ಮುಗಿಯಬೇಕಾದರೆ ಇಷ್ಟು ರೋಗಿಗಳ ವಿವರ ಒಪ್ಪಿಸಬೇಕು ಎಂದಿದ್ದೆ. ಭಾವನೂ ಅದರಲ್ಲಿ ಒಂದು ಹೆಸರೋ?

ಪೊಟ್ಟಣಗಳನ್ನು ನಾನೇ ಕಟ್ಟಿದ್ದೇನೆ. ನಮ್ಮ ಅಂಗಡಿಯ ಕ್ರಮ ನಿನಗೆ ಗೊತ್ತು: ಕವರಿನ ಮೇಲೆ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಮುಳುಗುವ ಸೂರ್ಯ, ಚಂದ್ರ. ನಿನ್ನ ನಾಲ್ಕು ಗಂಟೆಯ ಲೆಕ್ಕಕ್ಕೆ ಸೂರ್ಯಚಂದ್ರರು ಸಾಲದೆ, ಒಂದು ಕೋಳಿ, ಒಂದು ದೀಪ ಬರೆಯಬೇಕಾಯಿತು. ಜಲಜ ಚಿತ್ರ ನೋಡಿ ತಪ್ಪದೆ ಕೊಡುತ್ತಾಳೆ. ದಿಂಬಿನ ಕೆಳಗೂ ನೋಡಿದೆ, ವೀಳ್ಯದೆಲೆ ಬಿಟ್ಟರೆ ಏನಿಲ್ಲ. ಆದರೂ ಗುಣ ಕಾಣುವುದಿಲ್ಲ. ನಿನ್ನೆ ಹೋದಾಗ ಭಾವ ಹೇಳಿದರು:

'ನೀ ಕೊಟ್ಟ ಮಾತ್ರೆ ತಿಂದ್ರೂ ಒಂದೇ, ಕಡ್ಲಿ ತಿಂದ್ರೂ ಒಂದೇ ಮಾರಾಯ.'

'ಸ್ವಲ್ಪ ತಾಳ್ಕಣಿ ಭಾವ. ಹಿಡೂಕೆ ಟೈಮ್ ಬೇಕ್.'

'ತಾಳ್ದೆ ಎಂತ ಮಾಡುದ್? ಎದ್ದ್ ಓಡುಕೆ ಕಾಲ್ ಬೇಕಲ್ದಾ?'

ಅವರ ಚಿಂತೆ ಬೆನ್ನಿನದ್ದಲ್ಲ, ದೋಣಿಯದ್ದು. ತಾನು ಅರ್ಧ ಕಟ್ಟಿ ಬಿಟ್ಟುಬಂದ ದೋಣಿಯನ್ನು ನಿನ್ನ ಚಿಕ್ಕಪ್ಪನ ಮಗ ಜಿತೇಂದ್ರ ಮುಂದುವರಿಸುತ್ತಿದ್ದಾನೆ. ಮಳೆಗಾಲ ಕಳೆದು ಕಡಲಿಗಿಳಿಯಬೇಕು. ನೀರು ನುಗ್ಗದಂತೆ ಹಲಗೆಯ ಸಂದಿಗೆ ಹತ್ತಿ ಹೊಡೆದದ್ದನ್ನು ಕೈಯಲ್ಲಿ ಮುಟ್ಟಿ ನೋಡದೆ ಒಂದು ದೋಣಿಯನ್ನೂ ನೀರಿಗೆ ಬಿಟ್ಟವರಲ್ಲ ಭಾವ. 'ಒಂದ್ ಸಲ ಅಲ್ಲಿಗ್ ಕರ್ಕಂಡ್ ಹೋಗ್' ಎನ್ನುತ್ತಾರೆ. ಮಂಚದಲ್ಲಿ ಮಗ್ಗುಲು ಬದಲಿಸಿದರೆ ಬೆವರುವವರನ್ನು ಎಲ್ಲಿಗೆಂದು ಒಯ್ಯುವುದು?

ಎರಡನೆಯ ಮಾತ್ರೆಯನ್ನು ಮಾತ್ರ ಕೊಟ್ಟಿಲ್ಲ, ಇದ್ದದ್ದನ್ನು ಹೇಳುತ್ತೇನೆ. ಬಚ್ಚಲಿನವರೆಗೆ ಹೋಗಲು ಇಬ್ಬರು ಹಿಡಿಯಬೇಕಾದವರಿಗೆ ಹೊಟ್ಟೆ ಸಡಿಲ ಮಾಡುವುದು ಯಾವ ಶಾಸ್ತ್ರ?

ರತ್ನಾಕರ ಮಾವ

*

ಕೋಳಿಕ್ಕೋಡು
5 ಜುಲೈ 2004

ಮಾವನಿಗೆ ನಮಸ್ಕಾರ.

ಅಪ್ಪಯ್ಯ ನನ್ನ ವಿವರದ ಪುಸ್ತಕದಲ್ಲಿಲ್ಲ. ಸ್ವಂತದವರ ಬಗ್ಗೆ ಬರೆಯಲು ನಮಗೆ ಬಿಡುವುದಿಲ್ಲ. ಕಣ್ಣಿಗೆ ಕಾಣಬೇಕಾದದ್ದು ಕಾಣುವುದಿಲ್ಲವಂತೆ. ಈಗ ಅದು ನಿಜವೆನಿಸುತ್ತಿದೆ.

ಮಂಗಳೂರಿನ ಡಾಕ್ಟರಿಗೆ ಫೋನ್ ಮಾಡಿದೆ. ಒಂದರಲ್ಲಿ ಆಗದಿದ್ದರೆ ಎರಡು, ಅದರಲ್ಲೂ ಆಗದಿದ್ದರೆ ಮೂರು ಎಂದು ಬರೆದುಕೊಡುತ್ತಾರೆ. ಹೀಗೆ ಮೆಲ್ಲಮೆಲ್ಲನೆ ಏರಿಸುವುದು ಕ್ರಮವೇ, ಹೆದರಬೇಡಿ. ಫುಟ್‌ಪಾತಿನವರು ತಿಂದದ್ದು ಬೇರೆ ಕಾರಣಕ್ಕೆ, ಬೇರೆ ಅಳತೆಯಲ್ಲಿ.

ಆದರೆ ಒಂದು ಮಾತು ಮನಸ್ಸನ್ನು ಕೊರೆಯುತ್ತಿದೆ. ಇಲ್ಲೊಬ್ಬ ಮುದುಕರಿದ್ದರು. ಎಷ್ಟು ಏರಿಸಿದರೂ ನೋವು ಇಳಿಯಲಿಲ್ಲ. ಕೊನೆಗೆ ನೋಡಿದರೆ, ಮಾತ್ರೆಗಳು ಸೊಸೆಯ ಕಪಾಟಿನಲ್ಲಿದ್ದವು. ಹೆದರಿ ಬೀಗ ಹಾಕಿಟ್ಟಿದ್ದಳು. ಮದ್ದು ಕೆಲಸ ಮಾಡದಿದ್ದರೆ ಮದ್ದನ್ನು ಅನುಮಾನಿಸಬೇಡ, ಅದು ಬಾಯಿಗೆ ಬರುವ ದಾರಿಯನ್ನು ಅನುಮಾನಿಸು ಎನ್ನುತ್ತಾರೆ ಗಿರಿಜಾ ಮೇಡಂ. ಅಪ್ಪಯ್ಯ ಮಾತ್ರೆಯನ್ನು ನಾಲಗೆಯ ಕೆಳಗಿಟ್ಟುಕೊಂಡು ಆಮೇಲೆ ಉಗುಳುತ್ತಿದ್ದಾರೆಯೇ? ಅಮ್ಮನಿಗೆ ಕನಿಕರ ಬಂದು ನಡುವಿನದ್ದನ್ನು ಬಿಡುತ್ತಿದ್ದಾರೆಯೇ? ಸ್ವಲ್ಪ ಗಮನಿಸಿ. ಎರಡನೆಯ ಮಾತ್ರೆಯನ್ನು ಇವತ್ತೇ ಶುರುಮಾಡಿ.

ನವ್ಯಶ್ರೀ

*

ಕುಂದಾಪುರ
26 ಜುಲೈ 2004

ನವ್ಯಶ್ರೀಗೆ,

ಒಂದು ಹೋಗಿ ಎರಡಾಯಿತು, ಈಗ ಮೂರು ಬರೆದಿದ್ದಾರೆ. ಬಂದರಿನಲ್ಲಿ ಮೀನು ಏಲಂ ಕೂಗಿದ ಹಾಗೆ. ಎಲ್ಲಿಗೆ ನಿಲ್ಲುತ್ತದೆ ಎಂಬುದು ಡಾಕ್ಟರಿಗಾದರೂ ಗೊತ್ತೋ ಅಥವಾ ಬೀಳುವವರೆಗೂ ಏರಿಸುವುದೋ?

ನಿನ್ನ ಅನುಮಾನಗಳನ್ನು ಜಲಜನಿಗೆ ಹೇಳಿದರೆ ಅವಳು ಸೌಟು ಹಿಡಿದು ನನ್ನ ಮೇಲೆ ಬಂದಾಳು. ಅವಳು ಕೊಡುತ್ತಾಳೆ, ಅವರು ನುಂಗುತ್ತಾರೆ. ನಾನೇ ನೋಡಿದ್ದೇನೆ.

ಮೊನ್ನೆ ಅಲ್ಲಿಗೆ ಹೋದಾಗ ಭಾವ ಟವೆಲನ್ನು ಬಾಯಿಗೆ ತುರುಕಿಕೊಂಡು ಮಲಗಿದ್ದರು. ನೆರೆಮನೆಗೆ ಕೇಳಬಾರದೆಂದು. ಕಣ್ಣು ಮಾತ್ರ ನನ್ನ ಮೇಲೆಯೇ. ಬೈದಿದ್ದರೆ ಅನುಕೂಲವಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಸ್ಕೂಟರ್ ಒರೆಸಿದೆ. ಸುರಿಯುವ ಮಳೆಯಲ್ಲಿ.

ಇನ್ನು ನಿನ್ನ ಡಾಕ್ಟರು ಹೇಳಿದಂತೆಯೇ ಆಗಲಿ. ಬರುವ ವಾರದ ಪೊಟ್ಟಣಗಳಿಗೆ ಮೂರು ಮೂರು ಹಾಕುತ್ತೇನೆ. ಆಮೇಲೆ ಏನಾದರೂ ಆದರೆ ನನ್ನ ತಲೆಗೆ ಕಟ್ಟಬೇಡಿ.

ರತ್ನಾಕರ

*

ಕೋಳಿಕ್ಕೋಡು
29 ಜುಲೈ 2004

ಅಮ್ಮಾ,

ಇದನ್ನು ಪಕ್ಕದ ಮನೆಯ ವನಜಕ್ಕನ ವಿಳಾಸಕ್ಕೆ ಕಳಿಸಿದ್ದೇನೆ, ಅವರ ಮನೆಯಲ್ಲೇ ಓದಿಸಿಕೋ. ಅಪ್ಪಯ್ಯನ ಎದುರು ಬೇಡ. ರತ್ನಾಕರ ಮಾವನಿಗೂ ಹೇಳಬೇಡ.

ಅಪ್ಪಯ್ಯ ಮಾತ್ರೆ ತಿಂದ ಮೇಲೆ ತೂಕಡಿಸುತ್ತಾರಾ? ಮೊದಮೊದಲು ವಾಂತಿ ಆಯಿತಾ? ಊಟ ಹೇಗೆ? ಬೆಳಿಗ್ಗೆ ಹೊಟ್ಟೆ ಸರಿಯಾಗಿ ಹೋಗುತ್ತದಾ? ಮಾವ ಎರಡನೆಯ ಮಾತ್ರೆ ಅಂತ ಬೇರೆ ಏನಾದರೂ ಕೊಟ್ಟಿದ್ದಾರಾ? ನಾಚಿಕೆ ಬಿಟ್ಟು ಎಲ್ಲ ಬರೆಸು. ಬೇಗ.

ನಿನ್ನ ನವ್ಯ

*

ಹಂಗಾರಕಟ್ಟೆ
2 ಆಗಸ್ಟ್ 2004

ಮಗಾ ನವ್ಯ,

ವನಜ ಬರೀತಾ ಇತ್ತ್, ನಾ ಹೇಳ್ತಾ ಇದ್ದೆ. ಬಾಯಲ್ಲಿ ಬಂದಾಂಗೇ ಬರಿ ಅಂದಿದ್ದೆ ಅವ್ಳಿಗೆ.

ನೀ ಕೇಂಡದ್ದೆಲ್ಲ ಓದ್ಸಿ ಕೇಂಡೆ. ಎಂತಕೆ ಇದೆಲ್ಲ ಕೇಂತೆ ಅಂತ ಗೊತ್ತಾಯ್ಲಿಲ್ಲೆ. ಅಪ್ಪಯ್ಯ ತೂಕಡ್ಸುದಾ? ತೂಕಡ್ಸುಕೆ ನೋವ್ ಬಿಡ್ಕಲೆ. ವಾಂತಿ ಎಂತದೂ ಇಲ್ಲೆ. ಗಂಜಿ ಉಂತ್ರ್, ಬಂಗ್ಡಿ ಸಾರ್ ಮಾಡಿದ್ರೆ ಇನ್ನೊಂದ್ ಸಟ್ಗ ಉಂತ್ರ್. ಹೊಟ್ಟೆದ್ ಎಂತದೂ ತೊಂದ್ರಿ ಇಲ್ಲೆ ಮಗಾ, ದಿನಾ ಬೆಳಿಗ್ಗೆ ಚಾ ಕುಡ್ದ ಕೂಡ್ಲೆ ಹೋತ್ರ್. ಹಿಡ್ಕಂಡ್ ಹೋಪುದೇ ಕಷ್ಟ. ಅದೊಂದಾರೂ ಸುಸೂತ್ರ ಇತ್ತಲೆ ಅಂತ ನಾನೂ ಅವ್ರೂ ನೆಗಿ ಮಾಡುದ್. ಎರಡ್ನೇ ಮಾತ್ರೆ ಅಂತ ರತ್ನಾಕರ ಎಂತದೂ ಕೊಡ್ಲಿಲ್ಲೆ. ಕೊಡುದೆಲ್ಲ ಚಿತ್ರದ್ ಪೊಟ್ಣ. ಮುಂಚೆ ಒಂದ್ ಬಿಳಿ ಮಾತ್ರೆ ಇದ್ದಿತ್. ಈಗ ಒಂದ್ ಬಿಳಿ, ಒಂದ್ ಹಳದಿ.

ಬಪ್ಪ ಶನಿವಾರ ಹೊಸ ಪೊಟ್ಣ ತತ್ತೆ, ಇನ್ ಮೇಲೆ ಗಟ್ಟಿ ಮದ್ದ್ ಅಂದಿದ್ದ. ಅವ್ನೂ ಬಡವಾಯ್ದ. ಬಂದ್ರೆ ಕೂಕಂತಿಲ್ಲೆ. ನಿನ್ನ ಅಪ್ಪಯ್ಯ ಕಣ್ಣೆತ್ತಿ ಕಂಡ್ರೆ ಸಾಕ್, ಹೊರ್ಗ್ ಹೋತ.

ಒಂದ್ ಸಲ ಬಾ ಮಗಾ. ಬಂದ್ರೆ 'ಎಂತಕ್ ಬಂದೆ' ಅಂತ ಅವ್ರಿಗೆ ಅನ್ಮಾನ ಬಪ್ದಿತ್. ಬಂದ್ರೂ ಬರ್ಲಿ.

ನಿನ್ನ ಅಮ್ಮ
ಜಲಜ

*

ಕೋಳಿಕ್ಕೋಡು
7 ಆಗಸ್ಟ್ 2004

ಮಾವ,

ಇವತ್ತು ಬೆಳಿಗ್ಗೆ ಫೋನಿನಲ್ಲಿ ನಾನು ಆಡಿದ್ದು ಒಂದೇ ಮಾತು: 'ಆ ಪೊಟ್ಟಣಗಳನ್ನು ಬಿಚ್ಚಿ. ಮೂರು ಮೂರು ಕೊಡಬೇಡಿ, ಒಂದೊಂದೇ ಹಾಕಿ.' ನೀವು ಆಡಿದ್ದು ಒಂದೂ ಇಲ್ಲ. 'ಹಾಂಗಂದ್ರೆ ಎಂತ?' ಎಂದಾದರೂ ಕೇಳುತ್ತೀರಿ ಎಂದು ಕಾದೆ. ನೀವು ಕೇಳಲಿಲ್ಲ, ಫೋನಿಟ್ಟಿರಿ. ಅದರಿಂದಲೇ ನನ್ನ ಅನುಮಾನ ಖಚಿತವಾಯಿತು.

ಹೇಗೆ ತಿಳಿಯಿತು ಎಂದು ಬರೆಯುತ್ತೇನೆ. ಮಾರ್ಫಿನ್ ತೆಗೆದುಕೊಂಡವರಿಗೆ ಹೊಟ್ಟೆ ಕಟ್ಟುತ್ತದೆ. ಓಕರಿಕೆ, ಮಂಪರು ಕೆಲವರಿಗೆ ಬರುತ್ತದೆ, ಬಂದದ್ದು ಹೋಗುತ್ತದೆ. ಹೊಟ್ಟೆ ಕಟ್ಟುವುದು ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ, ಮದ್ದು ನಿಲ್ಲಿಸುವವರೆಗೂ ಇರುತ್ತದೆ. ಅದಕ್ಕೇ ಆ ಎರಡನೆಯ ಮಾತ್ರೆ. ಅದನ್ನು ಕೊಡಲಿಲ್ಲ ಎಂದು ನೀವೇ ದೊಡ್ಡದಾಗಿ ಬರೆದಿರಿ. ಅದಿಲ್ಲದೆಯೂ ಅಪ್ಪಯ್ಯ ದಿನಾ ಚಾ ಕುಡಿದ ಕೂಡಲೇ ಸುಸೂತ್ರವಾಗಿ ಹೋಗುತ್ತಾರೆ ಎಂದು ಅಮ್ಮ ಸಂತೋಷದಿಂದ ಬರೆಸಿದ್ದಾರೆ. ಗಿರಿಜಾ ಮೇಡಂ ಆ ಸಾಲನ್ನು ಕೇಳಿ, ಕನ್ನಡಕ ತೆಗೆದಿಟ್ಟು, 'ಫೋನ್ ಮಾಡು' ಎಂದರು, ಅಷ್ಟೇ. ಮಾರ್ಫಿನ್ ಅಪ್ಪಯ್ಯನ ಬಾಯಿಗೆ ಬಿದ್ದೇ ಇಲ್ಲ.

ಒಂದಕ್ಕೆ, ಎರಡಕ್ಕೆ ಒಗ್ಗಿದ ದೇಹ ಮೂರನ್ನು ತಾಳುತ್ತದೆ. ಒಂದನ್ನೂ ಕಾಣದ ದೇಹಕ್ಕೆ, ಅಪ್ಪಯ್ಯನ ವಯಸ್ಸಿನಲ್ಲಿ, ನಾಲ್ಕು ಗಂಟೆಗೊಮ್ಮೆ ಮೂರು ಎಂದರೆ ಉಸಿರು ನಿಲ್ಲಬಹುದಿತ್ತು. ನೀವು ಕೊಡದಿದ್ದದ್ದಕ್ಕಿಂತ, ಈಗ ಪಾಪ ಎನಿಸಿ ಕೊಡಹೊರಟದ್ದೇ ಹೆಚ್ಚು ಅಪಾಯವಾಗುತ್ತಿತ್ತು. ಆಗ ಮಾರ್ಫಿನ್ ಕೊಂದಿತು ಎಂದು ನೀವು ಹೇಳುತ್ತಿದ್ದಿರಿ, ಊರೂ ಹೇಳುತ್ತಿತ್ತು. ಮದ್ದು ಬರೆಸಿದ ನಾನೇ ಕೊಂದೆ ಎಂದು ನಾನೂ ನಂಬಿಕೊಂಡು ಬದುಕುತ್ತಿದ್ದೆ.

ನಾಳೆ ಮಂಗಳೂರಿನಿಂದ ನರ್ಸ್ ಮನೆಗೆ ಬರುತ್ತಾರೆ, ಈ ಕಾಗದಕ್ಕಿಂತ ಮೊದಲೇ ಅವರ ಫೋನು ನಿಮಗೆ ಬರುತ್ತದೆ. ಆಸ್ಪತ್ರೆಯ ಮಾತ್ರೆಗಳನ್ನೆಲ್ಲ ಅವರೇ ಕೇಳಿ ತೆಗೆದುಕೊಳ್ಳುತ್ತಾರೆ. ಮೊದಲ ಮಾತ್ರೆ ಅವರ ಎದುರಿಗೇ ಆಗುತ್ತದೆ. ರಜೆ ಸಿಕ್ಕ ಕೂಡಲೇ ನಾನೂ ಬರುತ್ತೇನೆ.

ಇಷ್ಟು ದಿನ ಕೊಟ್ಟದ್ದೇನು ಎಂದು ನಾನು ಕೇಳುವುದಿಲ್ಲ. ಅಪ್ಪಯ್ಯ ಕೇಳುತ್ತಾರೆ.

ನವ್ಯಶ್ರೀ

*

ಕುಂದಾಪುರ
23 ಆಗಸ್ಟ್ 2004

ನವ್ಯಶ್ರೀಗೆ,

ಈ ಸಲದ ಕಾಗದದಲ್ಲಿ 'ಮಾವನಿಗೆ ನಮಸ್ಕಾರ' ಇರಲಿಲ್ಲ. ಗಮನಿಸಿದ್ದೇನೆ. ಅಂಥದ್ದು ನನ್ನ ಕಣ್ಣಿಗೆ ತಪ್ಪುವುದಿಲ್ಲ.

ನಿನ್ನ ಫೋನು ಬಂದಾಗ ಶಟರ್ ಅರ್ಧ ಎಳೆದಿದ್ದೆ. ಪೊಟ್ಟಣಗಳು ಸ್ಕೂಟರಿನ ಡಿಕ್ಕಿಯಲ್ಲಿದ್ದವು. ಯಾರೋ ಸಾಲ ಕೇಳುವವರಿರಬೇಕೆಂದು ಫೋನ್ ಎತ್ತದೆ ಹೊರಟಿದ್ದರೆ... ಈ ವಾಕ್ಯವನ್ನು ನಾನು ಮುಗಿಸುವುದಿಲ್ಲ. ನೀನೂ ಮುಗಿಸಬೇಡ.

ಕೊಟ್ಟದ್ದು ವಿಷವಲ್ಲ, ಜ್ವರಕ್ಕೆ ಕೊಡುವ ಬಿಳಿ ಮಾತ್ರೆ. ಎರಡು ಕೊಡಿ ಎಂದಾಗ ಜೊತೆಗೊಂದು ವಿಟಮಿನ್. ಗಿರಾಕಿ ಕೇಳಿದ್ದು ಇಲ್ಲದಿದ್ದರೆ ಇದ್ದದ್ದನ್ನು ಕೊಟ್ಟು 'ಅದೇ ಮದ್ದು, ಬೇರೆ ಕಂಪನಿ' ಎಂದು ಹೇಳಿ ಅಂಗಡಿ ಕಟ್ಟಿದ ಬಾಯಿ ಇದು. ಕೈ ತಾನಾಗಿ ಆ ಡಬ್ಬಿಗೆ ಹೋಯಿತು. ಭಾವನನ್ನು ಆ ಫುಟ್‌ಪಾತಿನಲ್ಲಿ ಮಲಗಿಸಲು ನನಗೆ ಮನಸ್ಸಿರಲಿಲ್ಲ. ಇದಕ್ಕಿಂತ ಹೆಚ್ಚಿನ ಸಮಜಾಯಿಷಿ ನನ್ನಲ್ಲಿಲ್ಲ, ಇದ್ದರೂ ನೀನು ಕೊಳ್ಳುವವಳಲ್ಲ.

ನರ್ಸಮ್ಮ ಬಂದು ಮೊದಲ ಮಾತ್ರೆ ಕೊಟ್ಟರು. ನಾನು ಜಗಲಿಯ ಬಾಗಿಲಲ್ಲಿ ನಿಂತು ಭಾವನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದೆ. ಬೇಸಾಯದ ಎತ್ತಿನ ಮುಂದೆ ಹುಲ್ಲು ಹಿಡಿದವನಂತೆ ನಿಂತಿದ್ದೆನಂತೆ, ಜಲಜ ಆಮೇಲೆ ಹೇಳಿ ನಕ್ಕಳು. ನಾಲ್ಕು ಗಂಟೆ ಕಳೆದು ಮುಂದಿನ ಮಾತ್ರೆಯೂ ಹೋಯಿತು. ಆಮೇಲೆ ಭಾವ ನಿದ್ದೆ ಹೋದರು. ಟವೆಲು ಕೈಯಿಂದ ಜಾರಿ ಕೆಳಗೆ ಬಿತ್ತು, ಎತ್ತಿಕೊಳ್ಳಲು ಅವರು ಏಳಲಿಲ್ಲ. ನಾನು ನರ್ಸಮ್ಮನನ್ನು ಕೂಗಿದೆ. ನರ್ಸಮ್ಮ ಉಸಿರು ಎಣಿಸಿ, 'ಇದು ಬರೀ ನಿದ್ರೆ. ಎಷ್ಟು ದಿನದ್ದು ಬಾಕಿ ಇತ್ತೋ' ಎಂದರು.

ಸಂಜೆ ಎಚ್ಚರವಾಯಿತು. ಮಗ್ಗುಲು ಬದಲಿಸಿದರು. ಬದಲಿಸಿದ್ದು ತಾನೇ ಎಂದು ಅವರಿಗೇ ಆಶ್ಚರ್ಯ. ಆಮೇಲೆ ನನ್ನ ಕಡೆ ನೋಡಿದರು.

'ರತ್ನಾಕರ, ಇಷ್ಟ್ ದಿನ ನೀ ಕೊಟ್ಟದ್ದ್ ಎಂತ?'

'ಅದೇ ಮದ್ದ್ ಭಾವ. ಕಂಪನಿ ಬೇರೆ.'

'ಆ ಕಂಪನಿ ಬಾಗ್ಲ್ ಹಾಕುಕೆ ಹೇಳ್' ಎಂದರು.

ನಂತರ ನೀನು ಬಂದು ಹೋದೆ. ನೀನಿದ್ದಾಗ ನಾನು ಆ ಕಡೆ ತಲೆ ಹಾಕದಿದ್ದುದಕ್ಕೆ ಅಂಗಡಿಯಲ್ಲಿ ಕೆಲಸವಿತ್ತು ಎಂದು ಬರೆಯಬಹುದು. ನೀನು ಕಪಾಟು ಕಪಾಟು ಹುಡುಕಿ ಕೆಲಸ ಎಲ್ಲಿ ಎಂದು ಕೇಳುವವಳು.

ನೀನು ಹೋದ ಮೇಲಿನ ಸಂಗತಿ ಇದು. ಗುರುವಾರ ಜಿತೇಂದ್ರನೂ ದೋಣಿಯ ಕೆಲಸದ ಅಣ್ಣಯ್ಯನೂ ಕುರ್ಚಿಯಲ್ಲಿ ಕೂರಿಸಿ ಭಾವನನ್ನು ದೋಣಿಯ ಹತ್ತಿರ ಒಯ್ದರು. ಭಾವ ಹಲಗೆಯ ಸಂದಿಯುದ್ದಕ್ಕೂ ಅಂಗೈ ಆಡಿಸುತ್ತ ಹೋದರು, ಕುರ್ಚಿಯನ್ನು ಅವರಿಬ್ಬರೂ ಜರುಗಿಸುತ್ತ ಹೋದರು. ಒಂದು ಕಡೆ ಕೈ ನಿಂತಿತು.

'ಇಲ್ ಹತ್ತಿ ಹೊಡ್ದದ್ದ್ ಯಾರ್? ಅಣ್ಣಯ್ಯನಾ?'

'ಹೌದ್ ಕೊರಗಣ್ಣ.'

'ಹೊಡುವತ್ತಿಗೆ ಹೆಂಡ್ತಿ ಒಟ್ಟಿಗೆ ಜಗ್ಳ ಆಗಿದ್ದಿತ್ತಾ?'

ಅಣ್ಣಯ್ಯ ನಾಚಿಕೊಂಡದ್ದು ನೋಡಿದರೆ ಆಗಿದ್ದಿರಬೇಕು. ಅಷ್ಟನ್ನು ಕಿತ್ತು ಮತ್ತೆ ಹೊಡೆಸಿಯೇ ಮನೆಗೆ ಬಂದರು.

ಬಂದವರು ನೀರು ಕೇಳಿದರು. ಕುಡಿದು, ಲೋಟವನ್ನು ನನ್ನ ಕೈಗೆ ಕೊಡುತ್ತ ಹೇಳಿದರು: 'ನವ್ಯ ಕಲೀತಾ ಇಪ್ದ್ ಗುಣ ಆಗ್ದಿದ್ದವ್ರ್ ಮದ್ದಲ್ದಾ? ಅವ್ಳ್ ಹೇಳಿದ್ ಮದ್ದ್ ನಂಗೆ ಹಿಡೀತ್. ಹಾಂಗಾರೆ ನಂಗೆ ಎಂತ ಅಂತ ಗೊತ್ತಾಯ್ತ್. ನೀ ಎಂತದೂ ಹೇಳುದ್ ಬ್ಯಾಡ ರತ್ನಾಕರ. ನೀ ಬಾಯಿ ಬಿಟ್ರೆ ಮತ್ತೆ ಕಂಪನಿ ಬದ್ಲ್ ಮಾಡ್ತೆ.'

ಜಲಜ ಬಾಗಿಲಲ್ಲೇ ಇದ್ದಳು. ಬಂದು ಮಂಚದ ಅಂಚಿನಲ್ಲಿ ಕೂತಳು. ಇಷ್ಟು ತಿಂಗಳಲ್ಲಿ ಅವಳು ಅಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಕೂತರೆ ಮಾತಾಡಬೇಕಾಗುತ್ತದೆ ಎಂದು ಯಾವಾಗಲೂ ಏನೋ ಕೆಲಸ ಹಿಡಿದು ನಿಂತೇ ಇರುತ್ತಿದ್ದಳು. ನಾನು ಹೊರಗೆ ಬಂದೆ. ಮಳೆ ಬಿಟ್ಟಿತ್ತು, ಸ್ಕೂಟರ್ ಒಣಗಿತ್ತು. ಆದರೂ ಒರೆಸಿದೆ.

ನಿನ್ನ ತರಬೇತಿಯ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಬಿಟ್ಟಿ ಮದ್ದು ಕೊಟ್ಟು ಅವರು ವಸೂಲು ಮಾಡುವುದು ಎಲ್ಲಿ ಎಂದು ಈಗಲೂ ಯೋಚಿಸುತ್ತಿದ್ದೇನೆ. ಇನ್‌ಸ್ಪೆಕ್ಟರು ಮೊನ್ನೆ ಬಂದಿದ್ದರು, ಪದ್ದುವಿನ ಊಟ ಇನ್ನೂ ಮುಗಿದಿರಲಿಲ್ಲ. ಕುರ್ಚಿಯಲ್ಲಿ ಬಂದು ಕೂರು ಎಂದು ನಾನು ಇನ್ನು ಕೇಳುವುದಿಲ್ಲ. ನೀನು ಕೂತರೆ ಮೊದಲು ನನ್ನನ್ನೇ ಅಂಗಡಿಯಿಂದ ಹೊರಗೆ ಕಳಿಸುತ್ತೀ.

ಮರೆತಿದ್ದೆ. ಸಡಿಲವಾಗುವ ಮಾತ್ರೆ ಕೊಟ್ಟರೂ ನಿನ್ನೆ, ಇವತ್ತು ಭಾವನಿಗೆ ಹೊಟ್ಟೆ ಕಟ್ಟಿದೆ. ನನ್ನ ಮಾತು ಬೇಡ, ಅವರ ಹೊಟ್ಟೆಯನ್ನಾದರೂ ನಂಬು. ಇನ್ನೊಂದು ಮಾತ್ರೆ ಸೇರಿಸಬೇಕೋ ಹೇಗೆ, ಬೇಗ ತಿಳಿಸು. ಕಾಗದ ಬೇಡ, ಮನೆಗೇ ಫೋನ್ ಮಾಡು. ಫೋನು ಈಗಲೂ ಮಂಚದ ತಲೆದೆಸೆಯಲ್ಲೇ ಇದೆ. ಭಾವನೇ ಎತ್ತುತ್ತಾರೆ.

ರತ್ನಾಕರ ಮಾವ